ದಾಂಡೇಲಿ ಸಫಾರಿ ಯಾರ ಕಡೆ ಬುಕ್ ಮಾಡ್ಬೇಕು? ಇಲಾಖೆ, ಜಂಗಲ್ ಲಾಡ್ಜಸ್, ರೆಸಾರ್ಟ್, ಇಲ್ಲಾ ಮನಿ ಮಂದಿ ನಡಸೋ ಗೈಡು

ಸೂಟಿ ಹತ್ರ ಬಂತಂದ್ರ ಹುಬ್ಬಳ್ಳಿ-ಧಾರವಾಡದಾಗ ಸಫಾರಿ ಪ್ರಶ್ನಿ ಶುರು ಆಗ್ತಾವ. ದಾಂಡೇಲಿಗೆ ಹೋಗೂಣಂತ ಮಾಡೇವ್ರಿ, ಯಾರ ಕಡೆ ಬುಕ್ ಮಾಡೂಣು, ಹುಲಿ ಕಾಣ್ತೈತೇನು, ತಲಿಗೆ ಎಷ್ಟ ಬೀಳ್ತೈತಿ. ನಾವು ಉತ್ತರ ಕೊಡೂದ್ರಾಗ ಅವರು ಯಾವ್ದೋ ರೀಲ್ಸ್ ನೋಡಿ ಅಡ್ವಾನ್ಸ್ ಹಾಕಿಬಿಟ್ಟಿರ್ತಾರ, ಹೋಗಿ ಬಂದ ಮ್ಯಾಲೆ ಏನೂ ಕಾಣಲಿಲ್ರಿ ಬರೇ ಗಿಡಾ ನೋಡಿ ಬಂದ್ವಿ ಅಂತ ಮಾರಿ ಸಣ್ಣ ಮಾಡ್ಕೊಂಡು ಹೇಳ್ತಾರ. ಹಂಗಾಗಿ ಇರೋ ನಾಕೂ ದಾರಿ ಒಂದ ಕಡೆ ಇಟ್ಟು ಬರ್ಯಾಕತ್ತೇನಿ. ಅರಣ್ಯ ಇಲಾಖೆ ಸಫಾರಿ, ಸರ್ಕಾರಿ ಕಂಪನಿ ಜಂಗಲ್ ಲಾಡ್ಜಸ್, ಪ್ಯಾಕೇಜ್ ರೆಸಾರ್ಟು, ಮತ್ತ ಮನಿ ಮಂದಿನ ಕೂಡಿ ನಡಸೋ ಸಣ್ಣ ಬಿಸಿನೆಸ್ಸು, ಮನ್ಯಾಗ ಒಬ್ಬರು ಕಾಡಿನ ವಿಷಯ ಓದಿ ಟ್ರೇನಿಂಗ್ ಆದ ಗೈಡ್ ಇರ್ತಾರಲ್ಲ, ಅಂಥಾದ್ದು. ನನ್ನ ಒಲವು ಕಡೀದಕ್ಕ ಐತಿ, ಮೊದಲ ಹೇಳಿಬಿಡ್ತೀನಿ, ಆದ್ರ ಎಲ್ಲಾರಿಗೂ ಅದ ಸರಿ ಅಂತ ಅಲ್ಲ.

ಬುಕಿಂಗ್ ಮಾಡೋಕಿಂತ ಮೊದಲ ಒಂದು ಮಾತು ತಿಳ್ಕೋರಿ, ಇದು ಗೊತ್ತಿಲ್ದ ಭಾಳ ಮಂದಿ ರೊಕ್ಕ ಕಳ್ಕೋತಾರ. ನಾವು ದಾಂಡೇಲಿ ಕಾಡು ಅನ್ನೋದು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1956ರಾಗ ದಾಂಡೇಲಿ ಅಭಯಾರಣ್ಯ ಆತು, 1987ರಾಗ ಅಣಶಿ ರಾಷ್ಟ್ರೀಯ ಉದ್ಯಾನ, ಎರಡೂ ಕೂಡಿ 2007ರಾಗ ಹುಲಿ ಮೀಸಲು, 2015ರಾಗ ಹೊಳಿ ಹೆಸರು ಕೊಟ್ಟು ಕಾಳಿ ಅಂದ್ರು. ಹುಲಿ ಮೀಸಲು ಅಂದ ಮ್ಯಾಲೆ ಒಳಗ ಯಾರ್ದೋ ಖಾಸಗಿ ಗಾಡಿ ತೊಗೊಂಡು ಬೇಕಾದಂಗ ತಿರಗಾಕ ಬರೂದಿಲ್ಲ. ಇಲಾಖೆ ಬಿಟ್ಟ ದಾರಿ, ಇಲಾಖೆ ಒಪ್ಪಿದ ಗಾಡಿ, ಇಲಾಖೆ ಹೇಳಿದ ಟೈಮು, ಮುಂಜಾನೆ ಒಂದು ಟ್ರಿಪ್ ಸಂಜಿಕ ಒಂದು ಟ್ರಿಪ್. ಫೈವ್ ಸ್ಟಾರ್ ರೆಸಾರ್ಟಿನ್ಯಾಗ ಉಳದವರೂ ಬಸ್ಸಿನ್ಯಾಗ ಬಂದು ಇಳದವರೂ ಒಂದ ಗೇಟಿನ ಮುಂದ ನಿಂತಿರ್ತಾರ. ಹಂಗಿದ್ರ ನಮ್ಮ ಸಫಾರಿ ಬ್ಯಾರೆ, ನಾವು ಒಳಗ ಕರ್ಕೊಂಡು ಹೋಗ್ತೀವಿ ಅಂತ ಯಾರರ ಅಂದ್ರ ಒಂದೋ ಸುಳ್ಳು ಹೇಳಾಕತ್ತಾರ, ಇಲ್ಲಾ ಕಾಯ್ದೆ ಮುರ್ಯಾಕತ್ತಾರ. ಫರಕು ಬರೋದು ಗೇಟಿನ್ಯಾಗ ಅಲ್ಲ, ನಿಮ್ಮ ಬಾಜೂ ಯಾರು ಕುಂತಾರ, ಗೇಟಿನ ಹೊರಗ ಉಳದ ಹೊತ್ತು ಯಾರ ಕೂಡ ಕಳೀತೀರಿ ಅನ್ನೋದ್ರಾಗ.

ಹುಲಿ ವಿಷಯನೂ ಇಲ್ಲೇ ಮುಗಿಸಿಬಿಡ್ತೀನಿ. 2022ರ ಎಣಿಕಿ ಪ್ರಕಾರ ಕರ್ನಾಟಕದಾಗ 563 ಹುಲಿ, ಆದ್ರ ಅವುದ್ರಾಗ ಹೆಚ್ಚಿನವು ಬಂಡೀಪುರ, ನಾಗರಹೊಳೆ ಕಡೆ. ಕಾಳಿ ಕಾಡು ದಟ್ಟ, ಹತ್ತ ಮಾರು ಆಚೆ ಏನ ನಿಂತಿದ್ರೂ ಕಾಣೂದಿಲ್ಲ. ಕಪ್ಪು ಚಿರತಿ ಐತಿ ಅಂತ ಬೋರ್ಡಿನ ಮ್ಯಾಲೆ ಫೋಟೋ ಹಾಕಿರ್ತಾರ, ಐತಿ ಖರೇ, ನಿಮಗ ಕಾಣ್ಸಕೋತೈತಿ ಅಂತ ಯಾರೂ ಬರದು ಕೊಟ್ಟಿಲ್ಲ. ನಿಮಗ ಹುಲಿ ನೋಡೂದ ಮುಖ್ಯ ಅಂದ್ರ ದಾಂಡೇಲಿ ಬಿಟ್ಟು ಮೈಸೂರು ಕಡೆ ಹೋಗ್ರಿ, ಮುಂದ ಓದೂದು ಬ್ಯಾಡ. ಕಾಡುಕೋಣ, ಕಡವಿ, ಕೆಂಜಳಿಲು, ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್), ಹೊಳಿ ದಂಡಿ, ಇವು ಸಾಕು ಅನ್ನೋರಿಗೆ ದಾಂಡೇಲಿ.

ಇಲಾಖೆ ಸಫಾರಿ

ಎಲ್ಲಾಕ್ಕಿಂತ ಸೋವಿ ಇದ. ಧಾರವಾಡದಿಂದ ಹಳಿಯಾಳ ದಾಟಿ ದಾಂಡೇಲಿ ಐವತ್ತೈದು ಕಿಲೋಮೀಟರ್ ಆಸುಪಾಸು, ಹುಬ್ಬಳ್ಳಿಯಿಂದ ಎಪ್ಪತ್ತೈದು. ಬೆಳಕು ಹರಿಯೋಕಿಂತ ಮೊದಲ ಮನಿ ಬಿಟ್ರ ಫಣಸೋಲಿ ಗೇಟಿಗೆ ಮುಂಜಾನೆ ಟ್ರಿಪ್ಪಿಗೆ ಮುಟ್ಟಬಹುದು, ಮಧ್ಯಾಹ್ನ ಊಟಕ್ಕ ವಾಪಸ್ ಮನ್ಯಾಗ ಇರಬಹುದು. ಜೀಪಿಗೆ ಇಷ್ಟ ಅಂತ ಲೆಕ್ಕ ಇದ್ದಾಗ ಆರು ಮಂದಿ ಕೂಡಿ ಹೋದ್ರ ತಲಿಗೆ ಹಗರ ಬೀಳ್ತೈತಿ, ಇಬ್ಬರ ಹೋದ್ರ ಪೂರ್ತಿ ಜೀಪಿನ ರೊಕ್ಕ ನಿಮ್ಮ ಮ್ಯಾಲೆ.

ಆದ್ರ ಜೀಪಿನ್ಯಾಗ ಯಾರು ಸಿಗ್ತಾರ ಅನ್ನೋದು ನಸೀಬು. ಕೆಲವೊಮ್ಮೆ ಸುತ್ತಲಿನ ಹಳ್ಳಿ ಹುಡುಗ ಸಿಗ್ತಾನ, ಅವನ ಕಣ್ಣು ನಮ್ಮ ಬೈನಾಕ್ಯುಲರ್‌ಕಿಂತ ಚೊಲೊ, ಗಾಡಿ ಓಡಸ್ಕೋಂತನ ಎಡಕ್ಕ ನೋಡ್ರಿ ಸರ ಅಂತ ತೋರಸ್ತಾನ. ಕೆಲವೊಮ್ಮೆ ಸಿಗೋ ಡ್ರೈವರ್‌ಗೆ ಟ್ರಿಪ್ ಮುಗಿಸಿ ಮುಂದಿನ ಮಂದಿ ತುಂಬಿಸ್ಕೊಳ್ಳೋ ಅವಸರ. ಮಳಿಗಾಲದಾಗ ಕಾಡಿನ ರಸ್ತೆ ಕೆಟ್ಟು ಸಫಾರಿ ನಿಲ್ಲತಾವ, ಹೊರಡೋಕಿಂತ ಮೊದಲ ಫೋನ್ ಮಾಡಿ ಕೇಳಿಕೊಳ್ರಿ. ಒಂದ ದಿನದಾಗ ಹೋಗಿ ಬರೋರಿಗೆ, ಕಾಡು ಹೆಂಗಿರತೈತಿ ಅಂತ ಒಮ್ಮೆ ನೋಡೋರಿಗೆ ಇದು ಸಾಕು.

ಜಂಗಲ್ ಲಾಡ್ಜಸ್

1980ರಾಗ ಶುರುವಾದ ಸರ್ಕಾರಿ ಕಂಪನಿ, ಕಬಿನಿಯಿಂದ ಹೆಸರು ಬಂದದ್ದು. ನಮ್ಮ ಕಡೆ ದಾಂಡೇಲ್ಯಾಗ ಕಾಳಿ ಅಡ್ವೆಂಚರ್ ಕ್ಯಾಂಪ್, ಗಣೇಶಗುಡ್ಯಾಗ ಓಲ್ಡ್ ಮ್ಯಾಗಜಿನ್ ಹೌಸ್. ಈ ಎರಡನೇದು ಸೂಪಾ ಡ್ಯಾಮ್ ಕಟ್ಟೋ ಕಾಲಕ್ಕ ಸಿಡಿಮದ್ದು ಇಡೋ ಗೋಡೌನ್ ಆಗಿತ್ತು, ಈಗ ದೇಶದ ಹಕ್ಕಿ ಹುಚ್ಚರೆಲ್ಲಾ ಅಲ್ಲೆ ಬಂದು ಕುಂದರತಾರ. ಅಂಗಳದಾಗ ಹಕ್ಕಿಗೆ ನೀರಿನ ತೊಟ್ಟಿ ಮಾಡ್ಯಾರ, ಮರಿಗೆ ಕುಂತು ನೋಡಿದ್ರ ಕಾಡಿನ್ಯಾಗ ತಾಸುಗಟ್ಲೆ ಹುಡುಕಿದ್ರೂ ಸಿಗದ ಹಕ್ಕಿ ಒಂದೊಂದ ಇಳದು ಸ್ನಾನ ಮಾಡ್ಕೊಂಡು ಹೋಗ್ತಾವ.

ಊಟ, ಉಳಿಯೋದು, ಸಫಾರಿ, ಎಂಟ್ರಿ ಎಲ್ಲಾ ಕೂಡಿಸಿ ಒಂದ ರೇಟು ಹೇಳ್ತಾರ, ಆಮ್ಯಾಲೆ ಅದಕ್ಕಿಷ್ಟು ಇದಕ್ಕಿಷ್ಟು ಅಂತ ತಕರಾರು ಇಲ್ಲ. ನ್ಯಾಚುರಲಿಸ್ಟ್ ಅಂತ ಇರ್ತಾರ, ಕಾಡು-ಪ್ರಾಣಿ ವಿಷಯ ಬಿಡಿಸಿ ಹೇಳಾಕ ಟ್ರೇನಿಂಗ್ ಆದವರು. ವಯಸ್ಸಾದ ಅಪ್ಪಾರು-ಅವ್ವಾರನ ಕರ್ಕೊಂಡು ಹೊಂಟ್ರ ಕಣ್ಣು ಮುಚ್ಚಿ ಇಲ್ಲೆ ಬುಕ್ ಮಾಡ್ರಿ ಅಂತೀನಿ. ಕೊರತಿ ಅಂದ್ರ ರೇಟು ನಮ್ಮಂಥಾವರಿಗೆ ಭಾರ, ಮತ್ತ ಒಬ್ಬ ನ್ಯಾಚುರಲಿಸ್ಟ್ ಕೈಯಾಗ ನಾಕಾರು ಕುಟುಂಬ ಇರ್ತಾವ, ಒಂದು ಕೂಸು ಅಳತೈತಿ, ಒಬ್ಬರು ಹುಲಿ ಎಲ್ಲೆ ಅಂತ ಕೇಳ್ಕೋಂತ ಕುಂತಿರ್ತಾರ, ನಿಮಗ ಒಂದು ಜೇಡರ ಹುಳದ ಮುಂದ ಹತ್ತ ನಿಮಿಷ ನಿಲ್ಲಬೇಕು ಅನಸಿದ್ರ ಆಗೂದಿಲ್ಲ.

ಪ್ಯಾಕೇಜ್ ರೆಸಾರ್ಟು

ರ‍್ಯಾಫ್ಟಿಂಗು, ಝಿಪ್‌ಲೈನು, ರೇನ್ ಡ್ಯಾನ್ಸು, ರಾತ್ರಿ ಡಿಜೆ. ಕಾಲೇಜ್ ಹುಡುಗ್ರು, ಆಫೀಸಿನ ಮಂದಿ ಕೂಡಿ ಮಜಾ ಮಾಡಾಕ ಹೋಗೋದಾದ್ರ ಏನೂ ತಪ್ಪಿಲ್ಲ, ನಾನೂ ಹೋಗ್ತೀನಿ. ಸಫಾರಿ ಸಲುವಾಗಿ ಹೋಗಬ್ಯಾಡ್ರಿ. ಪ್ಯಾಕೇಜಿನ್ಯಾಗ ಜಂಗಲ್ ಸಫಾರಿ ಅಂತ ಬರದಿದ್ರ ಫೋನ್ ಮಾಡಿ ಕೇಳ್ರಿ, ಇಲಾಖೆ ಗೇಟಿನ ಸಫಾರಿನೋ ಇಲ್ಲಾ ರೆಸಾರ್ಟ್ ಹಿಂದಿನ ರಸ್ತ್ಯಾಗ ಜೀಪಿನ್ಯಾಗ ಒಂದು ರೌಂಡೋ, ಟಿಕೆಟ್ ರೊಕ್ಕ ಒಳಗೋ ಹೊರಗೋ. ನೈಟ್ ಸಫಾರಿ ಅಂತ ಏನರ ಇದ್ರ ಆ ಜಾಗಾನ ಬಿಟ್ಟುಬಿಡ್ರಿ. ರಾತ್ರಿ ಕಾಡಿನ್ಯಾಗ ಸರ್ಚ್ ಲೈಟ್ ಹೊಡಕೋಂತ ಪ್ರಾಣಿ ಹುಡುಕೋದಕ್ಕ 1972ರ ವನ್ಯಜೀವಿ ಕಾಯ್ದ್ಯಾಗ ಜಾಗಾ ಇಲ್ಲ, ಸಿಕ್ಕರ ಡ್ರೈವರ್ ಕೂಡ ನೀವೂ ಠಾಣೆದಾಗ ನಿಲ್ಲಬೇಕಾಗ್ತೈತಿ.

ಮನಿ ಮಂದಿ ನಡಸೋದು

ಈಗ ನನ್ನ ಇಷ್ಟದ ವಿಷಯಕ್ಕ ಬಂದೆ. ಗಣೇಶಗುಡಿ, ಜೋಯಿಡಾ, ಕುಳಗಿ ಸುತ್ತ ಇಂಥಾ ಮನಿ ಈಗ ಅಲ್ಲೊಂದು ಇಲ್ಲೊಂದು ಅದಾವ. ಅಪ್ಪ ಮೊದಲ ಡ್ರೈವರೋ ವಾಚರೋ ಆಗಿದ್ದವರು, ಅವ್ವ ಅಡಗಿ, ಸೊಸಿ ಫೋನು-ಬುಕಿಂಗು, ಮಗಾನೋ ಮಗಳೋ ಶಿರಸಿ ಅರಣ್ಯ ಕಾಲೇಜಿನ್ಯಾಗ ಓದಿ ಬಂದಿರ್ತಾರ. ಆ ಕಾಲೇಜು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದ, ಭಾಳ ಮಂದಿಗೆ ಗೊತ್ತಿಲ್ಲ. ಕೆಲವರು ಓದದಿದ್ರೂ ಸಂಶೋಧನಾ ತಂಡದ ಕೂಡ ವರ್ಷಗಟ್ಲೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದ್ರ ತಾನ ಫೋಟೋ ತೆಗಿಯೋ ಕ್ಯಾಮೆರಾ) ಕಟ್ಟಿ, ಹುಲಿ ಎಣಿಕಿ ಟೈಮಿನ್ಯಾಗ ಕಾಡಿನ್ಯಾಗ ಗುರ್ತು ಮಾಡಿದ ಲೈನ್ ಮ್ಯಾಲೆ ನಡದು ಕಲ್ತಿರ್ತಾರ. ನನಗ ಡಿಗ್ರೀಕಿಂತ ಅದ ದೊಡ್ಡದು ಅನಸ್ತೈತಿ.

ಇವರೂ ಹುಲಿ ಮೀಸಲಿನ ಒಳಗ ತಮ್ಮ ಗಾಡಿ ಹೊಡ್ಯಾಕ ಬರೂದಿಲ್ಲ. ಸಫಾರಿ ಟಿಕೆಟ್ ಅವರೂ ಗೇಟಿನ್ಯಾಗ ತೆಗಸ್ತಾರ. ಹಂಗಾದ್ರ ರೊಕ್ಕ ಯಾಕ ಕೊಡಬೇಕಂದ್ರ, ಉಳದ ಇಪ್ಪತ್ತು ತಾಸಿನ ಸಲುವಾಗಿ. ಹೊಳಿ ದಂಡಿ ಮ್ಯಾಲೆ ನಡಗಿ, ತಮ್ಮ ತೋಟದಾಗ ರಾತ್ರಿ ಕಪ್ಪಿ ನೋಡೋದು, ಸಂಜಿಕ ದಾಂಡೇಲಿ ಟಿಂಬರ್ ಡಿಪೋ ಕಡೆ ಮಂಗಟ್ಟೆ ಹಕ್ಕಿ ಬರೋ ಹೊತ್ತಿಗೆ ಕರ್ಕೊಂಡು ಹೋಗೋದು. ನಮ್ಮ ದೇಶದಾಗ ಇರೋ ಮಂಗಟ್ಟಿ ಪೈಕಿ ನಾಕು ಜಾತಿ ದಾಂಡೇಲಿ ಸುತ್ತನ ಸಿಗ್ತಾವ, 2011ರಾಗ ಅವುಕ್ಕಂತನ ಒಂದು ಸಂರಕ್ಷಣಾ ಮೀಸಲು ಮಾಡ್ಯಾರ.

ಒಂದು ಮುಂಜಾನೆ ಹಿಂಗ ಆತು. ಬ್ಯಾಸಗಿ ಶುರುವಿನ್ಯಾಗ, ದೊಡ್ಡ ಮಂಗಟ್ಟಿ ಗೂಡು ಇರೋ ಗಿಡ. ಹೆಣ್ಣು ಪೊಟರಿ ಒಳಗ ಹೋಗಿ ಬಾಗಲಾ ಮೆತ್ತಿಕೊಂಡು ಕುಂತಿರತೈತಿ, ಒಂದು ಸೀಳು ಅಷ್ಟ ಬಿಟ್ಟಿರತೈತಿ, ವಾರಗಟ್ಲೆ ಅದಕ್ಕ ಗಂಡು ತಂದು ಕೊಟ್ಟದ್ದ ಊಟ. ಆ ಗಿಡದ ಬುಡಕ್ಕನ ನಾಕು ಮಂದಿ ದೊಡ್ಡ ಲೆನ್ಸ್ ಹಿಡಕೊಂಡು ನಿಂತಿದ್ರು, ಗಂಡು ಹಕ್ಕಿ ದೂರದ ಗಿಡದಾಗ ಬಂದು ಕುಂತು ಮುಂದ ಬರವಲ್ದು. ನಮ್ಮ ಗೈಡು ನಮ್ಮನ್ನ ಭಾಳ ಹಿಂದ ಒಂದು ಬಿದಿರು ಮೆಳಿ ಮರಿಗೆ ಕುಂದರಿಸಿ ತಾನ ಹೋಗಿ, ಅಣ್ಣಾರ, ತುಸು ಹಿಂದ ಸರೀರಿ, ಒಳಗ ತಾಯಿ ಮರಿ ಉಪಾಸ ಅದಾವ, ನೀವು ಸರದ್ರ ಫೋಟೋನೂ ಚೊಲೊ ಬರತೈತಿ ಅಂದ. ಜಗಳ ಇಲ್ಲ ಭಾಷಣ ಇಲ್ಲ. ಅವರು ಸರದ್ರು. ತುಸು ಹೊತ್ತಿಗೆ ರೆಕ್ಕಿ ಸಪ್ಪಳ ಬಂತು, ಆ ಸಪ್ಪಳ ಕೇಳಿದವರಿಗೇ ಗೊತ್ತು, ಹಕ್ಕಿ ಬಂದು ಪೊಟರಿಗೆ ಜೋತು ಬಿದ್ದು ಗಂಟಲದಾಗಿಂದ ಒಂದೊಂದ ಅತ್ತಿ ಹಣ್ಣು ತೆಗದು ಸೀಳಿನ್ಯಾಗ ಇಟ್ಟು ಹೋತು. ನಮ್ಮ ಹುಡುಗಿ ಬೆರಳ ಮಡಚಿ ಹಣ್ಣು ಎಣಸಾಕತ್ತಿದ್ಲು. ಜೀಪಿನ್ಯಾಗ ಗದ್ದಲದಾಗ ಹೋದ್ರ ಇದು ಸಿಗೂದಿಲ್ಲ.

ಕೊರತಿನೂ ಹೇಳಬೇಕು. ಗೈಡ್ ಒಬ್ಬರ ಇರ್ತಾರ, ಅವರಿಗೆ ಜ್ವರ ಬಂದ್ರ ಇಲ್ಲಾ ಎರಡ ಗುಂಪು ಕೂಡಿ ಬಂದ್ರ ನಿಮ್ಮ ಕೂಡ ಕಾಕಾನ ಮಗ ಬರ್ತಾನ, ಅವಗ ಹಾದಿ ಗೊತ್ತಿರತೈತಿ ಅಷ್ಟ. ಬುಕ್ ಮಾಡುವಾಗ ನಮ್ಮ ಕೂಡ ಯಾರು ಬರ್ತಾರ ಅಂತ ಹೆಸರು ಹಿಡದು ಕೇಳ್ರಿ, ಅದನ್ನ ವಾಟ್ಸಾಪಿನ್ಯಾಗ ಬರಸ್ಕೋರಿ. ಮಳಿಗಾಳಿಗೆ ಕರೆಂಟ್ ಹೋತಂದ್ರ ಹೋತು, ನೆಟ್‌ವರ್ಕ್ ಸಿಗಬಹುದು ಸಿಗದ ಇರಬಹುದು, ಬಚ್ಚಲಾ ಎರಡ ಖೋಲಿಗೆ ಒಂದ ಇರಬಹುದು. ಊಟ ಮನಿ ಊಟ, ಅನ್ನ ಸಾರು ಮೀನು, ರೊಟ್ಟಿ ಬೇಕಂದ್ರ ಮೊದಲ ಹೇಳ್ರಿ, ನಮ್ಮ ಮಂದಿಗೆ ಎರಡ ದಿನ ಜ್ವಾಳದ ರೊಟ್ಟಿ ಇಲ್ದಿದ್ರ ಮುಖ ಬಾಡತೈತಿ. ಪ್ರವಾಸೋದ್ಯಮ ಇಲಾಖ್ಯಾಗ ಹೋಮ್‌ಸ್ಟೇ ನೋಂದಣಿ ಆಗೇತೇನು ಅಂತ ಕೇಳೂದ್ರಾಗ ನಾಚಿಕಿ ಬ್ಯಾಡ.

ಇನ್ನೊಂದು, ರೇಟು ಹೋಲಿಸುವಾಗ ಒಟ್ಟು ಮೊತ್ತ ನೋಡಬ್ಯಾಡ್ರಿ. ಉಳಿಯೋದು-ಊಟ ಎಷ್ಟು, ಗೇಟಿನ ಟಿಕೆಟ್ಟು-ಜೀಪು ಎಷ್ಟು, ಗೈಡಿಗೆ ಎಷ್ಟು ಅಂತ ಬಿಡಿಸಿ ಕೇಳ್ರಿ. ಮನಿ ಮಂದಿ ರೇಟಿನ್ಯಾಗ ಗೈಡಿನ ಪಾಲು ದೊಡ್ಡದಿರತೈತಿ, ರೆಸಾರ್ಟಿನ್ಯಾಗ ಆ ಪಾಲು ಇರೂದ ಇಲ್ಲ, ಅದು ಸ್ವಿಮ್ಮಿಂಗ್ ಪೂಲಿಗೆ ಹೋಗಿರತೈತಿ. ಗೈಡಿನ ದುಡ್ಡಿನ್ಯಾಗ ಚೌಕಾಸಿ ಮಾಡಬ್ಯಾಡ್ರಿ ಅಂತ ನನ್ನ ವಿನಂತಿ, ಖೋಲಿ ಬಾಡಗಿದಾಗ ಬೇಕಾದ್ರ ಮಾಡ್ರಿ.

ಗೈಡು ಖರೇ ಕಲ್ತಾವನೋ, ಬರೇ ಟೊಪಿಗಿ ಹಾಕ್ಯಾನೋ

ಈಗ ಎಲ್ಲಾರೂ ನ್ಯಾಚುರಲಿಸ್ಟ್. ಹಸರು ಅಂಗಿ, ಟೊಪಿಗಿ, ಕೊರಳಾಗ ಬೈನಾಕ್ಯುಲರ್ ಇದ್ರ ಆತು. ಅದಕ್ಕ ಫೋನಿನ್ಯಾಗನ ಕೆಲವು ಕೇಳ್ರಿ. ಹುಲಿ ಕಾಣ್ತೈತೇನು ಅಂದಾಗ ಪಕ್ಕಾ ಸರ ಅಂದ್ರ ಅಲ್ಲೇ ಫೋನ್ ಇಡ್ರಿ. ಕಾಣೂದು ಕಷ್ಟ, ಈ ತಿಂಗಳದಾಗ ಬರ್ರಿ, ಇಂಥಿಂಥಾ ಹಕ್ಕಿ ಗ್ಯಾರಂಟಿ ಅಲ್ಲದಿದ್ರೂ ಸಿಗೋ ಚಾನ್ಸ್ ಐತಿ, ಸೊಂಟ ನೋವು ಇದ್ದವರು ಯಾರರ ಬರಾಕತ್ತಾರೇನು ಅಂತ ತಾನ ನಿಮಗ ತಿರುಗಿ ಪ್ರಶ್ನಿ ಕೇಳಿದ್ರ ಆ ಮನುಷ್ಯಾ ಕೆಲಸ ತಿಳದಾವ. ಎಲ್ಲೆ ಕಲ್ತ್ರಿ, ಯಾರ ಕೂಡ ಕೆಲಸ ಮಾಡೀರಿ ಅಂತ ಕೇಳ್ರಿ. ಖರೇ ಕೆಲಸ ಮಾಡಿದವರು ಸರ್ಟಿಫಿಕೇಟಿನ ಸುದ್ದಿಕಿಂತ ಆ ಕಾಡಿನ್ಯಾಗ ಜಿಗಣಿ ಕಡಿಸ್ಕೊಂಡು ಏನೇನು ಎಣಿಸಿದ್ವಿ ಅನ್ನೋ ಸುದ್ದಿ ಹೆಚ್ಚ ಹೇಳ್ತಾರ.

ಹೋದ ಮ್ಯಾಲೆ ಗೊತ್ತಾಗೋದು ಬ್ಯಾರೆ. ಚೊಲೊ ಗೈಡು ಗಾಡಿ ಬಂದ್ ಮಾಡಸ್ತಾನ, ಸುಮ್ಮನ ಕುಂದ್ರ್ರಿ ಅಂತಾನ, ಕಿವಿ ಕೊಡ್ತಾನ. ಮುಸುವ ಕೆಮ್ಮಿದಂಗ ಕೂಗಿದ್ರ, ಕಡವಿ ಒಮ್ಮೆ ಢಾಂಕ್ ಅಂದ್ರ, ಅದು ಯಾವ ದಿಕ್ಕಿನಿಂದ ಬಂತು, ಮತ್ತ ಕೂಗಿತೇನು ಅಂತ ಕಾಯ್ತಾನ. ಧೂಳಿನ್ಯಾಗ ಹೆಜ್ಜಿ ಕಂಡ್ರ ಹುಲಿ ಹುಲಿ ಅಂತ ಒದರೂದಿಲ್ಲ, ಇಳ್ಯಾಕ ಬಿಡೋ ಜಾಗಾ ಆದ್ರ ಬಗ್ಗಿ ತೋರಸ್ತಾನ, ಉಗುರಿನ ಗುರ್ತು ಮೂಡ್ಯಾವಂದ್ರ ನಾಯಿ ಜಾತಿ ಇಲ್ಲಾ ಕಿರುಬ, ಬೆಕ್ಕಿನ ಜಾತಿ ನಡಿಯುವಾಗ ಉಗುರು ಒಳಗ ಇಟ್ಕೊಂಡಿರತೈತಿ. ಹೆಜ್ಜಿ ಮ್ಯಾಲೆ ಇರುವಿ, ಹುಳದ ಗೆರಿ ಹಾದು ಹೋಗಿದ್ರ ಅದು ಈಗಿಂದಲ್ಲ ಅಂತಾನ. ಲದ್ದಿ ಬಿಳೇದಿದ್ರ ಎಲುಬು ತಿಂದ ಪ್ರಾಣಿ ಅಂತಾನ. ಇಷ್ಟು ಹೇಳಿದ್ರ ಪ್ರಾಣಿ ಕಾಣದಿದ್ರೂ ರೊಕ್ಕ ನೀರಾಗ ಹೋತು ಅನಸೂದಿಲ್ಲ, ನಮ್ಮ ಮನ್ಯಾಗಿನ ಸಣ್ಣವರಂತೂ ಊರಿಗೆ ಬಂದ ಮ್ಯಾಲೆ ಓಣಿ ನಾಯಿ ಹೆಜ್ಜಿ ನೋಡ್ಕೋಂತ ಅಡ್ಡಾಡಿದ್ರು.

ಬ್ಲೂಟೂತ್ ಸ್ಪೀಕರಿನ್ಯಾಗ ಹಕ್ಕಿ ಧ್ವನಿ ಹಚ್ಚಿ ಹಚ್ಚಿ ಹಕ್ಕಿ ಕರಸೋ ಗೈಡು ಫೋಟೋ ಕೊಡಸ್ತಾನ, ಗೂಡು ಕಟ್ಟೋ ಟೈಮಿನ್ಯಾಗ ಆ ಹಕ್ಕಿಗೆ ತನ್ನ ಜಾಗಾಕ್ಕ ಯಾರೋ ವೈರಿ ಬಂದಾನ ಅನಸಿ ಮರಿ ಬಿಟ್ಟು ಹೊಡದಾಡಾಕ ಬರತೈತಿ. ಮಂಗ್ಯಾಗ ಬಿಸ್ಕೀಟ್ ಹಾಕೋ ಗೈಡು, ಹಾವು ಕೈಯಾಗ ಹಿಡದು ಸೆಲ್ಫಿ ಕೊಡಸೋ ಗೈಡು, ಇವರನ್ನ ಎಷ್ಟ ಸೋವಿ ಇದ್ರೂ ಬ್ಯಾಡ ಅನ್ರಿ. ಮಂದಿ ಇದಕ್ಕ ಚೊಲೊ ರಿವ್ಯೂ ಹಾಕಿರ್ತಾರ, ಎಲ್ಲಾ ಹತ್ರದಿಂದ ತೋರಿಸಿದ್ರು ಅಂತ. ಹಂಗಾಗಿ ಸ್ಟಾರ್ ಎಣಸಬ್ಯಾಡ್ರಿ, ರಿವ್ಯೂ ಒಳಗಿನ ಮಾತು ಓದ್ರಿ.

ದಾಂಡೇಲೀನ ಆಗಬೇಕಂತಿಲ್ಲ

ಇದನ್ನ ಹೇಳದ ಬಿಟ್ರ ಗದಗ, ಹಾವೇರಿ ಮಂದಿ ನನ್ನ ಮ್ಯಾಲೆ ಸಿಟ್ಟಾಗ್ತಾರ. ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಿಂದ ಐತಿ, 119 ಚದರ ಕಿಲೋಮೀಟರ್, ಚಿಗರಿ ಸಾವಿರಗಟ್ಲೆ. ಹುಬ್ಬಳ್ಳಿ ಮಂದಿ ದಿನಾ ಚಿಗರಿ ಅನ್ನೋ ಹೆಸರಿನ ಬಿಆರ್‌ಟಿಎಸ್ ಬಸ್ಸು ಹತ್ತತಾರ, ಖರೇ ಚಿಗರಿ ಓಡೂದು ನೋಡಿದವರು ಎಷ್ಟ ಮಂದಿ ಹೇಳ್ರಿ. ಬಯಲು ಆದ್ದರಿಂದ ಪ್ರಾಣಿ ಕಾಣೋ ಸಂಭವ ದಾಂಡೇಲೀಕಿಂತ ಭಾಳ ಹೆಚ್ಚು, ಸಣ್ಣ ಹುಡುಗ್ರನ ಮೊದಲನೇ ಸಲ ಕರ್ಕೊಂಡು ಹೋಗೋರಿಗೆ ನಾನು ಇದನ್ನ ಹೇಳ್ತೀನಿ. ಕೋಡು ತಿರುವಿದ್ದು, ಮೈ ಕಪ್ಪಾದದ್ದು ಗಂಡು, ಕಂದು ಬಣ್ಣದವು ಹೆಣ್ಣು ಮತ್ತ ಮರಿ, ಇಷ್ಟ ಗೊತ್ತಿದ್ರ ಗೈಡ್ ಇಲ್ದನೂ ನಡೀತೈತಿ.

ಮಾಗಡಿ ಕೆರಿಗೂ ಗೈಡ್ ಬ್ಯಾಡ. ಗದಗದಿಂದ 26 ಕಿಲೋಮೀಟರ್, ಶಿರಹಟ್ಟಿ ತಾಲೂಕು, 2024ರಾಗ ರಾಮ್ಸಾರ್ ಅನ್ನೋ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಗೆ ಸೇರೈತಿ. ಪಟ್ಟೆ ತಲಿ ಹೆಬ್ಬಾತು ಹಿಮಾಲಯ ದಾಟಿ ಚಳಿಗಾಲಕ್ಕ ಬರ್ತಾವ, ರಾತ್ರಿ ಹೊಲದಾಗ ಮೇದು ಮುಂಜಾನೆ ಗುಂಪು ಗುಂಪಾಗಿ ಕೆರಿಗೆ ಇಳೀತಾವ. ಡಿಸೆಂಬರ್-ಜನವರಿದಾಗ ಬೆಳಕು ಹರಿಯೂದ್ರಾಗ ಹೋಗ್ರಿ, ದಂಡಿ ಮ್ಯಾಲೆ ನಿಂತು ನೋಡ್ರಿ, ಡ್ರೋನ್ ಹಾರಸಬ್ಯಾಡ್ರಿ.

ಆದ್ರ ಗದಗ ಜಿಲ್ಲಾದ ಕಪ್ಪತಗುಡ್ಡಕ್ಕ ಗೈಡ್ ಬೇಕ ಬೇಕು. 2019ರಾಗ ವನ್ಯಜೀವಿಧಾಮ ಆಗೈತಿ, ಸುಮಾರು 244 ಚದರ ಕಿಲೋಮೀಟರ್. ತೋಳ, ಕಿರುಬ, ಕೊಂಡುಕುರಿ, ಚಿರತಿ ಅದಾವ, ಹಗಲಾಗ ಹೋದವರಿಗೆ ಕರೆಂಟ್ ಮಾಡೋ ಗಾಳಿ ಪಂಕಾ ಬಿಟ್ರ ಏನೂ ಕಾಣೂದಿಲ್ಲ. ಔಷಧಿ ಗಿಡದ ಗುಡ್ಡ ಅದು, ತಿಳದವರು ಕೂಡ ಇದ್ರ ಒಂದೊಂದ ಗಿಡದ ಮುಂದ ಅರ್ಧ ತಾಸು ಹೋಗ್ತೈತಿ, ತಿಳೀದವರಿಗೆ ಎಲ್ಲಾ ಒಂದ ಹುಲ್ಲು. ಮೊದಲ ಇಲಾಖೆ ಅನುಮತಿ ಕೇಳಿ ಹೋಗ್ರಿ.

ನಡಿಯಾಕ ಬಾರದ ಹಿರಿಯರು ಮನ್ಯಾಗ ಇದ್ರ ಹೊಸಪೇಟಿ ಕಡೆ ದರೋಜಿ. 1994ರಾಗ ಕರಡಿ ಸಲುವಾಗಿ ಮಾಡಿದ ಧಾಮ, ಹಂಪಿ ಹತ್ರನ. ಮಧ್ಯಾಹ್ನ ಮ್ಯಾಲೆ ವಾಚ್ ಟವರಿನ್ಯಾಗ ಕುಂದರೋದು, ಎದುರಿನ ಬಂಡಿಗಲ್ಲಿನ ಮ್ಯಾಲೆ ಬೆಲ್ಲದ ಪಾಕ ಸವರಿರ್ತಾರ, ಬಿಸಲು ಇಳೀತಿದ್ದಂಗ ಕರಡಿ ಬಂದು ನೆಕ್ಕತಾವ. ಇದು ಖರೇ ಕಾಡಿನ ನೋಟ ಅಲ್ಲ ಅಂತ ನನ್ನ ಗೆಳ್ಯಾ ಒಬ್ಬ ವಾದ ಮಾಡ್ತಾನ, ಅವನ ಮಾತಿನ್ಯಾಗ ಹುರುಳೈತಿ, ಆದ್ರ ಮೊಳಕಾಲ ನೋವಿನ ಆಯಿಗೆ ಕರಡಿ ತಾಯಿ ಬೆನ್ನ ಮ್ಯಾಲೆ ಮರಿ ಹೊತ್ಕೊಂಡು ಬರೋದು ಕಂಡ್ರ ಅಕಿಗೆ ಆ ವಾದ ಬೇಕಾಗೂದಿಲ್ಲ.

ಆಫ್ರಿಕಾಕ್ಕ ಹೊಂಟವರಿಗೆ

ಈಗ ನಮ್ಮ ಕಡೆಯಿಂದ ಕೀನ್ಯಾ, ತಾಂಜಾನಿಯಾಕ್ಕ ಹೋಗೋರು ಹೆಚ್ಚಾಗ್ಯಾರ, ಅದಕ್ಕ ಎರಡ ಮಾತು. ಅಲ್ಲೆ ಲೆಕ್ಕ ಉಲ್ಟಾ. ಪರವಾನಿಗಿ ಇರೋ ಖಾಸಗಿ ಕಂಪನಿ ತನ್ನ ಲ್ಯಾಂಡ್ ಕ್ರೂಸರ್ ತೊಗೊಂಡು ಪಾರ್ಕಿನ ಒಳಗನ ಹೋಗಬಹುದು, ಇಡೀ ವಾರ ಒಬ್ಬ ಗೈಡಿನ ಕೂಡ ಅದ ಗಾಡ್ಯಾಗ ಇರ್ತೀರಿ. ಅಂದ್ರ ಮನಿ ಮಂದಿ ನಡಸೋ ಸಣ್ಣ ಕಂಪನಿ ಮತ್ತ ದೊಡ್ಡ ಗ್ರೂಪ್ ಟೂರ್ ನಡುವಿನ ಫರಕು ಅಲ್ಲೆ ಹತ್ತ ಪಟ್ಟು.

ಗ್ರೂಪ್ ಟೂರಿನ ಒಳ್ಳೇದು ಏನಂದ್ರ ಊಟ. ನಮ್ಮ ಲಿಂಗಾಯತ, ಜೈನ ಮಂದಿಗೆ ಶುದ್ಧ ಸಸ್ಯಾಹಾರಿ ಅಡಗಿ, ಕೂಡ ಮಾತಾಡಾಕ ನಮ್ಮ ಮಂದಿ, ಟಿಕೆಟ್ ವೀಸಾ ಎಲ್ಲಾ ಅವರ ನೋಡ್ಕೋತಾರ. ಕೆಟ್ಟದ್ದು ಏನಂದ್ರ ವ್ಯಾನಿನ್ಯಾಗ ಆರೇಳು ಮಂದಿ, ಸಿಂಹ ಮಲಗಿದ್ದು ನೋಡಿ ಐದ ನಿಮಿಷಕ್ಕ ಮುಂದ. ಸಣ್ಣ ಕಂಪನಿ ಗೈಡು ಅಲ್ಲೇ ನಿಲ್ಲಸ್ತಾನ, ತಾಸು ಬಿಟ್ಟು ಸಿಂಹ ಏಳೂದು ನೋಡ್ತೀರಿ. ಟ್ರೇನಿಂಗ್ ಪರೀಕ್ಷೆ ಮಾಡಾಕ ಅಲ್ಲೆ ದಾರಿ ಸರಳ ಐತಿ. ಕೀನ್ಯಾದಾಗ ಸಫಾರಿ ಗೈಡುಗಳ ಸಂಘ ಪರೀಕ್ಷೆ ಇಟ್ಟು ಬ್ರಾಂಝ್, ಸಿಲ್ವರ್, ಗೋಲ್ಡ್ ದರ್ಜೆ ಕೊಡತೈತಿ, ತಾಂಜಾನಿಯಾದಾಗ ಮ್ವೇಕಾ ಅಂತ ವನ್ಯಜೀವಿ ಕಾಲೇಜು 1963ರಿಂದ ಐತಿ. ನಿಮ್ಮ ಗೈಡು ಯಾವ ದರ್ಜೆ, ಎಲ್ಲೆ ಓದ್ಯಾರ ಅಂತ ಮೇಲ್ ಹಾಕಿ ಕೇಳ್ರಿ, ಕಂಪನಿ ಅಲ್ಲಿನ ಟೂರ್ ಆಪರೇಟರ್ ಸಂಘದ ಮೆಂಬರ್ ಹೌದೋ ಅಲ್ಲೋ ನೋಡ್ರಿ.

ರೇಟಿನ್ಯಾಗ ಪಾರ್ಕ್ ಫೀ ಒಳಗೋ ಹೊರಗೋ ಅನ್ನೋದು ಮುಖ್ಯ, ಸಣ್ಣ ರೊಕ್ಕ ಅಲ್ಲ ಅದು. ಕೀನ್ಯಾದ ಮಸಾಯಿ ಮಾರಾ ಕಾಡಿನ್ಯಾಗ 2024ರಿಂದ ಹೊರಗಿನ ದೇಶದವರಿಗೆ ತಲಿಗೆ ದಿನಕ್ಕ ಜನವರಿಯಿಂದ ಜೂನ್ ತನಕ 100 ಡಾಲರ್, ಜುಲೈಯಿಂದ ಡಿಸೆಂಬರ್ ತನಕ 200 ಡಾಲರ್ ಮಾಡ್ಯಾರ. ಪ್ರಾಣಿಗಳ ವಲಸೆ ಮಾರಾಕ್ಕ ಬರೋದು ಜುಲೈ ಮ್ಯಾಲೆ, ಅಂದ್ರ ಫೀನೂ ಡಬಲ್. ನಾಕ ಮಂದಿ ಕುಟುಂಬಕ್ಕ ಮೂರ ದಿನದ ಲೆಕ್ಕ ನೀವ ಹಾಕ್ರಿ, ಆಮ್ಯಾಲೆ ಸೋವಿ ಕೊಟೇಶನ್ ಯಾಕ ಸೋವಿ ಐತಿ ಅಂತ ಗೊತ್ತಾಗ್ತೈತಿ. ಅಡ್ವಾನ್ಸ್ ಕಂಪನಿ ಹೆಸರಿನ ಅಕೌಂಟಿಗೆ ಹಾಕ್ರಿ, ಗೈಡಿನ ಭಾವನ ಅಕೌಂಟಿಗೆ ಅಲ್ಲ. ಮತ್ತ ಹಳದಿ ಜ್ವರದ ಇಂಜೆಕ್ಷನ್ ಹೊರಡೋಕಿಂತ ಹತ್ತ ದಿನ ಮೊದಲ ಆಗಿರಬೇಕು, ಆ ಕಾರ್ಡು ಇಲ್ದ ಕೀನ್ಯಾದಿಂದ ವಾಪಸ್ ಬಂದ್ರ ನಮ್ಮ ಏರ್‌ಪೋರ್ಟಿನ್ಯಾಗನ ಹಿಡದು ಬ್ಯಾರೆ ಇಡ್ತಾರ. ಒಮ್ಮೆ ಮಾಡಿಸಿದ್ರ ಜೀವನಪೂರ್ತಿ ನಡೀತೈತಿ, ಕಾರ್ಡು ಮಾತ್ರ ಕಳಕೋಬ್ಯಾಡ್ರಿ.

ಬುಕ್ ಮಾಡೋ ಮೊದಲ

ದಾಂಡೇಲಿಗೆ ಶನಿವಾರ-ಆದಿತ್ಯವಾರ ಬಿಟ್ಟು ನಡುವಾರದಾಗ ಹೋಗಾಕ ಆದ್ರ ಹೋಗ್ರಿ, ಗೇಟಿನ್ಯಾಗ ಮಂದಿ ಕಡಿಮಿ, ಗೈಡಿಗೂ ಪುರುಸೊತ್ತು ಇರತೈತಿ. ಮನಿ ಮಂದಿ ಕಡೆ ಬುಕ್ ಮಾಡಿದ್ರ ಸಫಾರಿ ಒಂದ ಟ್ರಿಪ್ ಸಾಕು ಅನ್ರಿ, ಎರಡನೇ ಟ್ರಿಪ್ಪಿನ ರೊಕ್ಕಾದಾಗ ಗೈಡಿನ ಕೂಡ ಇನ್ನೊಂದು ಅರ್ಧ ದಿನ ನಡೀರಿ. ಕ್ಯಾನ್ಸಲ್ ಆದ್ರ ಎಷ್ಟ ವಾಪಸ್ ಅಂತ ಮೊದಲ ಕೇಳ್ರಿ, ಮಳಿ ಬಂದು ಇಲಾಖೆ ಗೇಟ್ ಮುಚ್ಚಿದ್ರ ಏನ ಅಂತನೂ ಕೇಳ್ರಿ, ಆ ಪ್ರಶ್ನಿಗೆ ಬ್ಯಾಸರಾ ಮಾಡ್ಕೊಳ್ಳದ ಉತ್ತರ ಕೊಟ್ಟವರ ಕಡೆ ಅಡ್ವಾನ್ಸ್ ಹಾಕ್ರಿ. ಕೆಂಪು, ಬಿಳಿ ಅಂಗಿ ಮನ್ಯಾಗ ಬಿಡ್ರಿ, ಸೆಂಟು ಹೊಡಕೋಬ್ಯಾಡ್ರಿ, ಮಳಿಗಾಲ ಆದ್ರ ಜಿಗಣಿಗೆ ಉದ್ದನ್ನ ಸಾಕ್ಸ್ ಇರಲಿ. ದಾರ್ಯಾಗ ಹಳಿಯಾಳದಾಗ ಚಾ ಕುಡೀರಿ, ಅದಕ್ಕ ಮಾತ್ರ ಗೈಡ್ ಬೇಕಾಗಿಲ್ಲ.